ಅವರು ತೊಟ್ಟರೆ ವೇಷ, ಇವರು ತೊಟ್ಟರೆ ದೋಷ

1985ರ ಲಂಡನ್. ಲೀಸೆಸ್ಟರ್ ಚೌಕದ ಮ್ಯಾಕ್ಸಿಮಸ್ ಎಂಬ ಡಿಸ್ಕೋದಲ್ಲಿ ಪ್ರತಿ ಗುರುವಾರ ರಾತ್ರಿ 'ಟಬೂ' ಎಂಬ ಹೆಸರಿನ ಕ್ಲಬ್ ಸೇರುತ್ತಿತ್ತು. ಟಬೂ ಅಂದರೆ ನಿಷಿದ್ಧ. ಅದರ ಬಾಗಿಲಲ್ಲಿ ನಿಲ್ಲುತ್ತಿದ್ದ ಮಾರ್ಕ್ ವೋಲ್ಟಿಯರ್ ಎಂಬ ಯುವಕನ ಕೈಯಲ್ಲಿ ಒಂದು ಕನ್ನಡಿ. ಒಳಗೆ ಹೋಗಲು ಬಂದವರ ಮುಖದೆದುರು ಅದನ್ನು ಹಿಡಿದು, ನನ್ನ ಜಾಗದಲ್ಲಿ ನೀನಿದ್ದರೆ ನಿನ್ನನ್ನು ಒಳಗೆ ಬಿಡುತ್ತಿದ್ದೆಯಾ ಎಂದು ಕೇಳುತ್ತಿದ್ದನಂತೆ. ಬೆರಗು ಹುಟ್ಟಿಸುವಂತೆ ಉಟ್ಟು ತೊಟ್ಟು ಬಂದವರಿಗೆ ಒಳಗೆ ಜಾಗ, ಉಳಿದವರಿಗೆ ಬಂದ ದಾರಿ. ಫ್ಯಾಷನ್ ಬರಹಗಾರರು ನಾಲ್ಕು ದಶಕಗಳಿಂದ ಈ ಕತೆಯನ್ನು ನಗುನಗುತ್ತಾ ಹೇಳುತ್ತಾ ಬಂದಿದ್ದಾರೆ. ನಮಗೇಕೋ ನಗು ಬರುವುದಿಲ್ಲ. ಬಾಗಿಲಲ್ಲಿ ನಿಲ್ಲಿಸಿ, ಮೈಮೇಲಿನ ಬಟ್ಟೆ ನೋಡಿ, ಒಳಗೋ ಹೊರಗೋ ಎಂದು ತೀರ್ಮಾನಿಸುವುದು ಹೇಗಿರುತ್ತದೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕತೆಗೆ ಈಚೆಗೆ ಮತ್ತೆ ಜೀವ ಬಂದಿದೆ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಫ್ಯಾಷನ್ ಆಂಡ್ ಟೆಕ್ಸ್‌ಟೈಲ್ ಮ್ಯೂಸಿಯಂ 1980ರ ದಶಕದ ಈ 'ಬಂಡುಕೋರ' ಉಡುಪುಗಳನ್ನು ಪ್ರದರ್ಶನಕ್ಕಿಟ್ಟಿತು. 2025ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಟೇಟ್ ಮಾಡರ್ನ್ ಸಂಗ್ರಹಾಲಯವು ಟಬೂದ ರೂವಾರಿ ಲೀ ಬೌರಿಯೊಬ್ಬನಿಗೇ ಒಂದು ದೊಡ್ಡ ಪ್ರದರ್ಶನವನ್ನು ಮೀಸಲಿಟ್ಟಿತು. ಅದು ಮುಗಿದ ಮರುತಿಂಗಳೇ ಡಿಸೈನ್ ಮ್ಯೂಸಿಯಂನಲ್ಲಿ, ಟಬೂಗಿಂತ ಮೊದಲಿನ 'ಬ್ಲಿಟ್ಸ್' ಕ್ಲಬ್ಬಿನ ನೆನಪಿನ ಪ್ರದರ್ಶನ. ಅಂದು ಪತ್ರಿಕೆಗಳು ಹೀಗಳೆದ ಬಟ್ಟೆ ಇಂದು ಗಾಜಿನ ಪೆಟ್ಟಿಗೆ ಸೇರಿದೆ. ಇವುಗಳ ಸುತ್ತ ಹುಟ್ಟುವ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಪದವೊಂದಿದೆ: ಸ್ವಾತಂತ್ರ್ಯ. ಬೇಕಾದ್ದನ್ನು ಉಡುವ, ಬೇಕಾದವನಾಗುವ ಸ್ವಾತಂತ್ರ್ಯ.

ನಮ್ಮ ತಕರಾರು ಇರುವುದು ಈ ಪದದ ಬಗ್ಗೆ. ಆದರೆ ತಕರಾರಿಗೆ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳ ಜುಟ್ಟು ಹಿಡಿದು ಹೊಡೆದವರ ಸಾಲಿನಲ್ಲಿ ಯಾರೂ ನಮ್ಮನ್ನು ನಿಲ್ಲಿಸುವುದು ಬೇಡ. ಇನ್ನೊಬ್ಬರ ಬಟ್ಟೆ ಅಳೆಯುವ ಕೋಲು ಹಿಡಿದವರು ಯಾವ ಧರ್ಮದ ಹೆಸರಿನಲ್ಲಿ ಬಂದರೂ ಅವರಿಂದ ನೋವುಂಡವರು ನಾವು. ಹಾಗೆಯೇ, ರಾತ್ರಿ ಕ್ಲಬ್ ಎಂದೊಡನೆ 'ಪಾಶ್ಚಾತ್ಯ ವಿಕೃತಿ' ಎಂದು ಒಂದೇ ಉಸಿರಿಗೆ ತಳ್ಳಿಹಾಕಿ ಕೈ ತೊಳೆದುಕೊಳ್ಳುವ ನಮ್ಮವರ ಸೋಮಾರಿತನವೂ ನಮಗೆ ಒಪ್ಪಿಗೆಯಿಲ್ಲ. ಬೈಯುವುದಕ್ಕಾದರೂ ಒಂದಿಷ್ಟು ತಿಳಿದುಕೊಳ್ಳುವ ಶ್ರಮ ಬೇಡವೇ?

ಹಾಗಾದರೆ ಆ ಮಕ್ಕಳು ಯಾರು? 1979ರಲ್ಲಿ ಸ್ಟೀವ್ ಸ್ಟ್ರೇಂಜ್ ಮತ್ತು ರಸ್ಟಿ ಈಗನ್ ಎಂಬಿಬ್ಬರು ಕೋವೆಂಟ್ ಗಾರ್ಡನ್‌ನ ಬ್ಲಿಟ್ಸ್ ಎಂಬ ಮದ್ಯದಂಗಡಿಯಲ್ಲಿ ಮಂಗಳವಾರದ ರಾತ್ರಿಗಳನ್ನು ಆರಂಭಿಸಿದಾಗ ಅಲ್ಲಿಗೆ ಬಂದವರಲ್ಲಿ ಸಿರಿವಂತರ ಮಕ್ಕಳು ಕಡಿಮೆ. ಕಾರ್ಮಿಕರ ಮಕ್ಕಳು, ಸಣ್ಣ ಊರುಗಳಿಂದ ಓಡಿಬಂದ ಹುಡುಗರು, ಸಲಿಂಗಿ ಎಂಬ ಕಾರಣಕ್ಕೆ ಮನೆಯಲ್ಲೂ ಬೀದಿಯಲ್ಲೂ ಜಾಗವಿಲ್ಲದವರು, ಹತ್ತಿರದ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ವಿದ್ಯಾರ್ಥಿಗಳು. ಮುಂದೆ ಲೋಕಪ್ರಸಿದ್ಧನಾದ ಗಾಯಕ ಬಾಯ್ ಜಾರ್ಜ್ ಅಲ್ಲಿ ಬಂದವರ ಕೋಟು ತೆಗೆದಿಡುವ ಕೆಲಸಕ್ಕಿದ್ದ. ಟೋಪಿ ತಯಾರಿಸುವುದರಲ್ಲಿ ದೊಡ್ಡ ಹೆಸರಾದ ಸ್ಟೀಫನ್ ಜೋನ್ಸ್ ಕೂಡ ಅವನಂತೆಯೇ ವಾರೆನ್ ಬೀದಿಯ ಖಾಲಿ ಮನೆಯೊಂದಕ್ಕೆ ನುಗ್ಗಿ ಬಾಡಿಗೆಯಿಲ್ಲದೆ ವಾಸಿಸುತ್ತಿದ್ದ. 1982ರ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳು 30 ಲಕ್ಷ ದಾಟಿದ್ದರು. ಆಳುತ್ತಿದ್ದವರು ಮಾರ್ಗರೆಟ್ ಥ್ಯಾಚರ್. ಕೈಯಲ್ಲಿ ಕಾಸಿಲ್ಲದ ಮಕ್ಕಳು ಹಳೆ ಪರದೆ, ನಾಟಕ ಕಂಪೆನಿಯ ಹರಾಜಿನ ಬಟ್ಟೆ, ಅಜ್ಜಿಯ ಲೇಸುಗಳನ್ನು ಕತ್ತರಿಸಿ ರಾಜಕುಮಾರರಂತೆ, ಪಾದ್ರಿಗಳಂತೆ, ಕಡಲ್ಗಳ್ಳರಂತೆ ಸಜ್ಜಾಗಿ ಹೊರಟರು. ಇದನ್ನು ವಿಕೃತಿ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಬಡತನ ಅವಮಾನವಲ್ಲ ಎಂದು ತೋರಿಸಿಕೊಳ್ಳುವ ಛಲ ಅದರಲ್ಲಿತ್ತು.

ಇನ್ನೊಂದು ವಿಷಯವನ್ನು ಪ್ರದರ್ಶನಗಳಿಂದ ಮೈಮರೆತವರಿಗೆ ನೆನಪಿಸಬೇಕು. ಅಂದು ಅಲ್ಲಿನ ಕಲಾಶಾಲೆಗಳಲ್ಲಿ ದೇಶದ ವಿದ್ಯಾರ್ಥಿಗಳು ಶುಲ್ಕ ಕಟ್ಟಬೇಕಾಗಿರಲಿಲ್ಲ, ಓದಲು ಸರಕಾರವೇ ನಿರ್ವಹಣಾ ವೇತನ ಕೊಡುತ್ತಿತ್ತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಶುಲ್ಕ ಬಂತು, 2012ರಲ್ಲಿ ಅದು 9,000 ಪೌಂಡಿನವರೆಗೆ ಏರಿತು. ಅದೇ 2012ರಲ್ಲಿ ಇಂಗ್ಲೆಂಡಿನಲ್ಲಿ ಖಾಲಿ ಮನೆಗಳಲ್ಲಿ ಹೀಗೆ ನೆಲೆಸುವುದು ಅಪರಾಧವಾಯಿತು. ಬಂಡಾಯದ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ದೇಶ ಬಂಡಾಯಗಾರ ಬದುಕಬಹುದಾಗಿದ್ದ ಮನೆಗೆ ಬೀಗ ಜಡಿಯಿತು.

ಈಗ ಲೀ ಬೌರಿಯ ವಿಷಯಕ್ಕೆ ಬರೋಣ. ಆತ 1961ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಸನ್‌ಶೈನ್ ಎಂಬಲ್ಲಿ ಹುಟ್ಟಿದವನು. 1980ರಲ್ಲಿ ಲಂಡನ್ನಿಗೆ ಬಂದು ಬರ್ಗರ್ ಅಂಗಡಿಯಲ್ಲಿ ದುಡಿದ. ಎತ್ತರದ ದಪ್ಪ ಆಳು. ಫ್ಯಾಷನ್ ಲೋಕ ಮುಚ್ಚಿಟ್ಟುಕೊಳ್ಳಲು ಹೇಳುವ ಮೈಯನ್ನೇ ಆತ ಬಂಡವಾಳ ಮಾಡಿಕೊಂಡ. ಬೋಳು ತಲೆಯಿಂದ ಬಣ್ಣ ಕರಗಿ ಇಳಿದಂತೆ, ಮುಖದ ತುಂಬ ಚುಕ್ಕೆ ಹಚ್ಚಿದಂತೆ, ತಲೆಯಿಂದ ಕಾಲಿನವರೆಗೆ ಚಮ್ಕಿ ಹೊದ್ದಂತೆ ವೇಷ ಕಟ್ಟಿದ. 1988ರಲ್ಲಿ ಆಂಥೊನಿ ಡಾಫೆ ಗ್ಯಾಲರಿಯಲ್ಲಿ ಐದು ದಿನ ಒಂದು ಗಾಜಿನ ಹಿಂದೆ ಕುಳಿತ. ಹೊರಗಿನವರಿಗೆ ಅವನು ಕಾಣುತ್ತಿದ್ದ, ಅವನಿಗೆ ಕಾಣುತ್ತಿದ್ದುದು ತನ್ನದೇ ಪ್ರತಿಬಿಂಬ. 1990ರಿಂದ ಪ್ರಸಿದ್ಧ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಅವನನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದ. 1994ರ ಡಿಸೆಂಬರ್ 31ರಂದು ಏಡ್ಸ್ ಸಂಬಂಧಿತ ಕಾಯಿಲೆಯಿಂದ, 33ರ ಹರೆಯದಲ್ಲಿ ಬೌರಿ ತೀರಿಕೊಂಡ. ಕಾಯಿಲೆಯ ಸುದ್ದಿಯನ್ನು ಆಪ್ತರಲ್ಲೂ ಹೆಚ್ಚಿನವರಿಗೆ ತಿಳಿಸಿರಲಿಲ್ಲ. ಪ್ರತಿಭೆಯಿತ್ತೇ ಎಂದು ಕೇಳಿದರೆ, ಹೌದು, ಧಾರಾಳವಾಗಿತ್ತು.

ಆದರೆ ಅವನನ್ನು ಲಂಡನ್ನಿನ ರಾತ್ರಿಲೋಕದಲ್ಲಿ ಮೊದಲು ಹೆಸರುವಾಸಿ ಮಾಡಿದ ವೇಷ ಯಾವುದು ಗೊತ್ತೇ? 1983ರ ಸುಮಾರಿಗೆ ಆತ ಮತ್ತು ಗೆಳೆಯ ಟ್ರೋಜನ್ ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು, ಮೂಗಿಗೂ ಕಿವಿಗೂ ನಮ್ಮ ಕಡೆಯ ಹೆಂಗಸರಂತೆ ಒಡವೆ ತೂಗಿಬಿಟ್ಟುಕೊಂಡು ಕ್ಲಬ್ಬುಗಳಿಗೆ ಹೋಗತೊಡಗಿದರು. ಕೃಷ್ಣನ ಪಟದ ನೀಲಿಯನ್ನು ನೆನಪಿಸುವ ಮುಖ. ಆ ವೇಷಕ್ಕೆ ಅವರಿಟ್ಟ ಹೆಸರು 'ಬಾಹ್ಯಾಕಾಶದಿಂದ ಬಂದ ಪಾಕಿಗಳು'.

'ಪಾಕಿ' ಎಂಬುದು ಪಾಕಿಸ್ತಾನಿಯ ಅಕ್ಕರೆಯ ಅಡ್ಡಹೆಸರೆಂದು ಯಾರೂ ತಿಳಿಯಬಾರದು. ಕಂದು ಮೈಯವರ ಮುಖಕ್ಕೆ ಉಗುಳುವಾಗ ಜೊತೆಗೆ ಉಗುಳುತ್ತಿದ್ದ ಬೈಗುಳ ಅದು. ಬೈಯುವವನು ಪಾಸ್‌ಪೋರ್ಟ್ ಕೇಳುತ್ತಿರಲಿಲ್ಲ. ಸಿಲ್ಹೆಟ್ಟಿನ ಮುಸ್ಲಿಮನೂ, ಜಲಂಧರದ ಸಿಖ್ಖನೂ, ಗುಜರಾತಿನ ಪಟೇಲನೂ, ನಮ್ಮ ಕಡೆಯಿಂದ ಹೋದ ಹಿಂದೂ ವೈದ್ಯನೂ ಅವನ ಬಾಯಲ್ಲಿ ಒಂದೇ. (ಇಲ್ಲಿ ಯಾರನ್ನು ಕಂಡರೂ 'ಪಾಕಿಸ್ತಾನಕ್ಕೆ ಹೋಗು' ಎನ್ನುವವರು ಇದನ್ನು ಓದಿದರೆ ಒಳ್ಳೆಯದು.) ಗುಂಪು ಕಟ್ಟಿಕೊಂಡು ಕಂದು ಜನರನ್ನು ಹುಡುಕಿ ಹೊಡೆಯುವುದಕ್ಕೆ ಆ ಕಾಲದ ಬಿಳಿಯ ಪುಂಡರು ಇಟ್ಟ ಹೆಸರಿನಲ್ಲೂ ಇದೇ ಪದವಿತ್ತು.

ಬೌರಿ ವಾಸವಿದ್ದುದು ಎಲ್ಲಿ? ಈಸ್ಟ್ ಎಂಡ್‌ನ ಸ್ಟೆಪ್ನಿ ಭಾಗದಲ್ಲಿ, ಬಡವರಿಗೆಂದು ಸ್ಥಳೀಯ ಸರಕಾರ ಕಟ್ಟಿಸಿದ್ದ ಬಹುಮಹಡಿ ಕಟ್ಟಡದಲ್ಲಿ. ಸುತ್ತಮುತ್ತ ಬಂಗಾಳಿ ಮುಸ್ಲಿಮರ ಮನೆಗಳು. ಅಲ್ಲಿಂದ ಹೆಚ್ಚು ದೂರವಿಲ್ಲದ ಆಡ್ಲರ್ ಬೀದಿಯಲ್ಲಿ 1978ರ ಮೇ 4ರ ಸಂಜೆ, ದುಡಿಮೆ ಮುಗಿಸಿ ಮನೆಗೆ ಹೊರಟಿದ್ದ ಅಲ್ತಾಬ್ ಅಲಿ ಎಂಬ ಯುವಕನನ್ನು ಮೂವರು ಹದಿಹರೆಯದವರು ಇರಿದು ಕೊಂದರು. ಹತ್ತು ದಿನಗಳ ನಂತರ ಸಾವಿರಾರು ಬಂಗಾಳಿಗಳು ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಕಚೇರಿಯತ್ತ ನಡೆದರು. ಅಲ್ತಾಬ್ ಅಲಿ ಮಾಡುತ್ತಿದ್ದ ಕೆಲಸ ಏನೆಂದು ತಿಳಿದರೆ ನಮ್ಮ ಮಾತು ಯಾಕೆ ಇಷ್ಟು ಬಿಸಿಯಾಗಿದೆ ಎಂದು ಅರ್ಥವಾದೀತು. ಆತ ಬಟ್ಟೆ ಉದ್ಯಮದ ಕಾರ್ಮಿಕ.

ಹೌದು, ಲಂಡನ್ನಿನ ಬಟ್ಟೆಯ ಕತೆ ಹೇಳಹೊರಟವರು ಬ್ರಿಕ್ ಲೇನ್ ದಾಟದೆ ಮುಂದೆ ಹೋಗುವಂತಿಲ್ಲ. ಅಲ್ಲೊಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರೊಟೆಸ್ಟೆಂಟರು ತಮ್ಮ ಚರ್ಚಾಗಿ ಅದನ್ನು ಕಟ್ಟಿಕೊಂಡರು. ಅವರಲ್ಲಿ ಎಷ್ಟೋ ಮಂದಿ ರೇಷ್ಮೆ ನೇಕಾರರು. ಮುಂದೆ ಅದು ಮೆಥಡಿಸ್ಟ್ ಪ್ರಾರ್ಥನಾಲಯ, ಆಮೇಲೆ ಯೆಹೂದಿಗಳ ಸಿನಗಾಗ್. ಆ ಬೀದಿಗಳ ಯೆಹೂದಿಗಳಲ್ಲಿ ದರ್ಜಿಗಳು ಬಹಳ. 1976ರಿಂದ ಅದೇ ಕಟ್ಟಡ ಬ್ರಿಕ್ ಲೇನ್ ಜಾಮೆ ಮಸೀದಿ. ದೇವರ ಹೆಸರು ಬದಲಾಯಿತು, ಸುತ್ತಲಿನ ಕಸುಬು ಮಾತ್ರ ಅದೇ ಉಳಿಯಿತು. 1980ರ ದಶಕದಲ್ಲಿ ಆ ಬೀದಿಗಳ ಇಕ್ಕಟ್ಟಿನ ಕೋಣೆಗಳಲ್ಲಿ ಬಂಗಾಳಿ ಗಂಡಸರು ಚರ್ಮದ ಜಾಕೀಟು ಹೊಲಿಯುತ್ತಿದ್ದರು. ಹೆಂಗಸರು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪೀಸಿನ ಲೆಕ್ಕದಲ್ಲಿ ಕಾಲರು, ಜೇಬು, ಅಸ್ತರು ಹೊಲಿಯುತ್ತಿದ್ದರು. ಒಂದು ಪೀಸಿಗೆ ಸಿಗುತ್ತಿದ್ದುದು ಚಿಲ್ಲರೆ ಕಾಸು. ಲಂಡನ್ನಿನ ಮೈ ಮುಚ್ಚುತ್ತಿದ್ದ ಈ ಕೈಗಳ ಹೆಸರು ಯಾವ ಫ್ಯಾಷನ್ ಚರಿತ್ರೆಯ ಮುಖಪುಟದಲ್ಲಿದೆ? ಅವರ ಪಾಲಿಗೆ ಬಂದದ್ದು ಒಂದು ಬೈಗುಳ. ಕೊನೆಗೆ ಅದನ್ನೂ ಯಾರೋ ವೇಷ ಮಾಡಿ ತೊಟ್ಟುಕೊಂಡರು.

ಇಲ್ಲಿ ಬರುವ ಸಮಾಧಾನ ನಮಗೆ ಗೊತ್ತು. ಅದು ವ್ಯಂಗ್ಯವಾಗಿತ್ತು, ಸಭ್ಯ ಸಮಾಜವನ್ನು ಕೆಣಕುವುದಷ್ಟೇ ಅವನ ಉದ್ದೇಶವಾಗಿತ್ತು, ಇಂದಿನ ತಕ್ಕಡಿಯಲ್ಲಿ ಅಂದಿನದನ್ನು ತೂಗಬಾರದು, ಇತ್ಯಾದಿ. ಇಂದಿನ ತಕ್ಕಡಿ ನಮಗೂ ಬೇಡ. ಅಲ್ತಾಬ್ ಅಲಿಯ ಶವಪೆಟ್ಟಿಗೆ 1978ರದ್ದು, ವೇಷ 1983ರದ್ದು. ಐದೇ ವರ್ಷ. ತಕ್ಕಡಿ ಅಂದೂ ಇತ್ತು, ತೂಗುವವರೂ ಇದ್ದರು. ಅವರ ಮಾತು ಕ್ಲಬ್ಬಿನ ಸಂಗೀತದ ಅಬ್ಬರದಲ್ಲಿ ಕೇಳಿಸಲಿಲ್ಲ ಅಷ್ಟೇ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು. ವೇಷ ತೊಟ್ಟವರಿಗೂ ಪೆಟ್ಟು ಬೀಳುತ್ತಿತ್ತು. ಬಣ್ಣ ಬಳಿದ ಹುಡುಗ ರಾತ್ರಿ ಬಸ್ಸಿನಲ್ಲಿ ಮನೆ ಮುಟ್ಟುವುದು ಸುಲಭವಾಗಿರಲಿಲ್ಲ. ಸಲಿಂಗಿಗಳ ವಿರುದ್ಧ 1988ರಲ್ಲಿ ಥ್ಯಾಚರ್ ಸರಕಾರ ಸೆಕ್ಷನ್ 28 ಎಂಬ ಕಾನೂನನ್ನೇ ತಂದಿತು. ಹಾಗಾಗಿ ಆ ಮಕ್ಕಳು ಮೋಜಿನ ಬೊಂಬೆಗಳು, ಈಸ್ಟ್ ಎಂಡಿನವರು ಮಾತ್ರ ನೊಂದವರು ಎಂದು ನಾವು ಗೆರೆ ಎಳೆಯುತ್ತಿಲ್ಲ. ಗೆರೆ ಇರುವುದು ಬೇರೆ ಕಡೆ. ನಮ್ಮ ಕರಾವಳಿಯ ಯಕ್ಷಗಾನ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರಾತ್ರಿಯಿಡೀ ರಾಕ್ಷಸನಾಗಿ ಅಬ್ಬರಿಸಿದವನು ಬೆಳಗಿನ ಜಾವ ಚೌಕಿಗೆ ಬಂದು ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ, ಲುಂಗಿ ಉಟ್ಟು ಬಸ್ಸು ಹತ್ತುತ್ತಾನೆ. ಬಣ್ಣ ತೆಗೆಯುವ ಚೌಕಿಯೊಂದು ಅವನಿಗಿದೆ. ಬೌರಿ ತನ್ನ ಮುಖದ ನೀಲಿಯನ್ನು ಒರೆಸಿಕೊಂಡು ಮಲಗಿದ. ಅದೇ ಕಟ್ಟಡದ ಮೆಟ್ಟಿಲು ಇಳಿಯುವ ಬಂಗಾಳಿ ಹೆಂಗಸು ತನ್ನ ಮುಖವನ್ನು ಯಾವ ಎಣ್ಣೆ ಹಚ್ಚಿ ಒರೆಸಬೇಕಿತ್ತು?

ಅದೇ 1983ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟಿತು. ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು, ಪಗಡಿ ತೆಗೆದು ಕೂದಲು ಕತ್ತರಿಸಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಸಿಖ್ ಬಾಲಕನೊಬ್ಬನಿಗೆ ಹೇಳಿತ್ತು. ಕೆಳಗಿನ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರವಾಗಿ ನಿಂತಿತ್ತು. ಲಾರ್ಡ್ಸ್ ಅದನ್ನು ತಳ್ಳಿಹಾಕಿ, ಸಿಖ್ಖರಿಗೆ ಜನಾಂಗ ಸಂಬಂಧಗಳ ಕಾನೂನಿನ ರಕ್ಷಣೆಯಿದೆ ಎಂದಿತು. ಒಂದೇ ದೇಶ, ಒಂದೇ ವರ್ಷ. ಒಂದು ಕಡೆ ತನ್ನ ಮನೆಯ ಬಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಳ್ಳಲು ಮಗುವೊಂದು ದೇಶದ ಕೊನೆಯ ನ್ಯಾಯಪೀಠದವರೆಗೆ ಹೋಗಬೇಕು. ಇನ್ನೊಂದು ಕಡೆ ಅದೇ ಜನರ ಒಡವೆ ತೊಟ್ಟವನಿಗೆ ಕ್ಲಬ್ಬಿನ ಬಾಗಿಲು ತಾನಾಗಿ ತೆರೆಯುತ್ತದೆ. ಯಾವುದನ್ನು ಧೈರ್ಯ ಎನ್ನೋಣ?

ಈ ಕತೆಯಲ್ಲಿ ನಮ್ಮ ಮನಸ್ಸಿಗೆ ಹತ್ತಿರವಾದ ಅಧ್ಯಾಯ ಇನ್ನೊಂದಿದೆ. ಅದಕ್ಕೆ ಮಾತ್ರ ದೊಡ್ಡ ಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆ ಸಿಗುವುದು ಕಷ್ಟ. ಆ ಕಾಲದಲ್ಲಿ ಬ್ರಿಟನ್ನಿನ ನಗರಗಳ ಎಷ್ಟೋ ಕ್ಲಬ್ಬುಗಳ ಬಾಗಿಲಲ್ಲಿ ಕಪ್ಪು, ಕಂದು ಮುಖಗಳನ್ನು ಹಿಂದಕ್ಕೆ ಕಳಿಸುವುದು ಸಾಮಾನ್ಯವಾಗಿತ್ತು. ಟಬೂ ಅಂಥದ್ದಾಗಿತ್ತು ಎಂದು ನಾವು ಹೇಳುತ್ತಿಲ್ಲ. ಅಲ್ಲಿನ ಗುಂಪು ಬಗೆಬಗೆಯದು. ಆದರೆ ಕಂದು ಮಕ್ಕಳಿಗೆ ಬಾಗಿಲು ಎರಡು ಕಡೆ ಮುಚ್ಚಿತ್ತು. ಹೊರಗೆ ದ್ವಾರಪಾಲಕ, ಒಳಗೆ ಅಪ್ಪ. ರಾತ್ರಿ ಹೊರಗೆ ಹೋಗುವ ಮಾತೇ ಇಲ್ಲ. ಆಗ ಅವರು ಏನು ಮಾಡಿದರು ಗೊತ್ತೇ? ರಾತ್ರಿಯನ್ನೇ ಹಗಲಿಗೆ ತಂದರು. 'ಡೇಟೈಮರ್' ಎಂದು ಕರೆಯಲಾಗುತ್ತಿದ್ದ ಈ ಭಾಂಗ್ರಾ ಕೂಟಗಳು 1980ರ ದಶಕದಲ್ಲಿ ಲಂಡನ್, ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್‌ಗಳಲ್ಲಿ ವಾರದ ನಡುವೆ ಮಧ್ಯಾಹ್ನದ ಹೊತ್ತು ನಡೆಯುತ್ತಿದ್ದವು. ಹ್ಯಾಮರ್‌ಸ್ಮಿತ್ ಪ್ಯಾಲೆಯಂತಹ ದೊಡ್ಡ ನೃತ್ಯಶಾಲೆಗಳು ಸಾವಿರಾರು ಹುಡುಗ ಹುಡುಗಿಯರಿಂದ ತುಂಬುತ್ತಿದ್ದವು. ಅಲಾಪ್, ಹೀರಾ ಮುಂತಾದ ತಂಡಗಳು ಚಮ್ಕಿ ಹೊಲಿದ ಅಂಗಿಗಳಲ್ಲಿ ಹೊಳೆಯುತ್ತಾ ಹಾಡುತ್ತಿದ್ದವು. ಚಮ್ಕಿ ಬೌರಿಯೊಬ್ಬನ ಸೊತ್ತಾಗಿರಲಿಲ್ಲ.

ಹುಡುಗಿಯರು ಬೆಳಿಗ್ಗೆ ಸಲ್ವಾರ್ ಕಮೀಜಿನಲ್ಲೋ ಶಾಲೆಯ ಸಮವಸ್ತ್ರದಲ್ಲೋ ಮನೆಯಿಂದ ಹೊರಡುತ್ತಿದ್ದರು. ಚೀಲದಲ್ಲಿ ಪುಸ್ತಕದ ಅಡಿಯಲ್ಲಿ ಇನ್ನೊಂದು ಜೊತೆ ಬಟ್ಟೆ. ಶೌಚಾಲಯದಲ್ಲಿ ಬಟ್ಟೆ ಬದಲಾಯಿಸಿ, ಒಬ್ಬಳ ಲಿಪ್‌ಸ್ಟಿಕ್ ನಾಲ್ವರು ಹಂಚಿಕೊಂಡು, ಮೂರು ಗಂಟೆ ಕುಣಿದು, ಶಾಲೆ ಬಿಡುವ ಹೊತ್ತಿಗೆ ಮುಖ ತೊಳೆದು ಮತ್ತೆ ಹಳೆ ಬಟ್ಟೆ ಸೇರಿ ಮನೆ ಸೇರುತ್ತಿದ್ದರು. ಶಾಲೆ ತಪ್ಪಿಸಿದ್ದನ್ನು ನಾವು ಹೊಗಳುತ್ತಿಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳಾಗಿದ್ದರೆ ನಾವೂ ಬಹುಶಃ ಗದರುತ್ತಿದ್ದೆವು. ಆದರೆ ಬಟ್ಟೆಯ ಜೊತೆ ಪ್ರಯೋಗ ಎಂದರೆ ಇದಕ್ಕಿಂತ ದೊಡ್ಡದು ಯಾವುದಿದೆ? ಒಂದೇ ದಿನದಲ್ಲಿ ಎರಡು ಸಲ ಬಟ್ಟೆ ಬದಲಾಯಿಸುವ ಅವಳಿಗೆ ಎರಡೂ ವೇಷವಲ್ಲ. ಸಲ್ವಾರಿನಲ್ಲಿದ್ದಾಗ ಬಸ್ ಸ್ಟಾಪಿನಲ್ಲಿ ಬೈಗುಳ, ಸ್ಕರ್ಟಿನಲ್ಲಿ ಸಿಕ್ಕಿಬಿದ್ದರೆ ಮನೆಯಲ್ಲಿ ಪೆಟ್ಟು. ಪಣಕ್ಕಿಟ್ಟದ್ದು ಅವಳ ಬದುಕು. ಅವಳ ಫೋಟೋ ತೆಗೆಯಲು ಯಾವ ಫ್ಯಾಷನ್ ಪತ್ರಿಕೆಯವರೂ ಸಾಲುಗಟ್ಟಿ ನಿಂತಿರಲಿಲ್ಲ. ಫೋಟೋ ತೆಗೆದಿದ್ದರೆ ಅವಳ ಗತಿ ಏನಾಗುತ್ತಿತ್ತೋ, ಅದು ಬೇರೆ ಮಾತು.

ಮುಂದಿನ ದಶಕದಲ್ಲಿ ಗಾಳಿ ತಿರುಗಿತು. 1990ರ ದಶಕದ ನಡುವಿನಲ್ಲಿ ತಬಲಾ ವಾದಕ ತಲ್ವಿನ್ ಸಿಂಗ್ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್ಬಿನಲ್ಲಿ 'ಅನೋಖಾ' ಎಂಬ ಸೋಮವಾರದ ರಾತ್ರಿಗಳನ್ನು ಶುರುಮಾಡಿದ. 1999ರಲ್ಲಿ ಅವನ ಆಲ್ಬಂಗೆ ಮರ್ಕ್ಯುರಿ ಪ್ರಶಸ್ತಿ ಬಂತು. ಇದ್ದಕ್ಕಿದ್ದಂತೆ ಕಂದು ಬಣ್ಣ ಫ್ಯಾಷನ್ ಆಯಿತು. 1998ರಲ್ಲಿ ಮಡೋನಾ ಕೈಗೆ ಮದರಂಗಿ ಹಚ್ಚಿ ಟಿವಿಯಲ್ಲಿ ಬಂದರು. ಹಣೆಯ ಬೊಟ್ಟು ಅಂಗಡಿಗಳಲ್ಲಿ ಚೀಟಿಗೆ ಅಂಟಿಸಿ ಮಾರಾಟಕ್ಕೆ ಬಂತು. ಅದಕ್ಕೂ ಹನ್ನೊಂದು ವರ್ಷ ಮೊದಲು, 1987ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಭಾರತೀಯರನ್ನು ಓಡಿಸುತ್ತೇವೆ ಎಂದು ಹೊರಟ ಪುಂಡರ ಗುಂಪೊಂದು ತನಗಿಟ್ಟುಕೊಂಡ ಹೆಸರು 'ಡಾಟ್‌ಬಸ್ಟರ್ಸ್', ಅಂದರೆ ಬೊಟ್ಟು ಒಡೆಯುವವರು. ಆ ವರ್ಷ ಅಲ್ಲಿ ಭಾರತೀಯ ಮೂಲದ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸತ್ತ. ನದಿಯಾಚೆಯೇ ನ್ಯೂಯಾರ್ಕ್, ಅದರ ಕ್ಲಬ್ಬುಗಳು.

ಮುಖ ಮುಚ್ಚುವುದರ ಕತೆಯೂ ಇದೇ. ಬೌರಿ ಕಣ್ಣು ಬಾಯಿಗಳಿಗಷ್ಟೇ ತೂತಿಟ್ಟ ಮುಖಗವಸುಗಳಲ್ಲಿ ಬರುತ್ತಿದ್ದುದನ್ನು ಫ್ಯಾಷನ್ ಲೋಕ ಮೆಚ್ಚಿ ಬರೆದಿದೆ. ಮುಚ್ಚಿದ ಮುಖ ಆಮೇಲೆ ದುಬಾರಿ ವಿನ್ಯಾಸಕಾರರ ಸರಕಾಯಿತು. 2012ರಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ಜೆಲಾ ಸಂಸ್ಥೆಯ ರೂಪದರ್ಶಿಯರು ಹರಳು ಪೋಣಿಸಿದ ಗವಸಿನಲ್ಲಿ ಪೂರ್ತಿ ಮುಖ ಮುಚ್ಚಿಕೊಂಡು ನಡೆದರು. ಅದಕ್ಕಿಂತ ಒಂದು ವರ್ಷ ಹಿಂದೆ, 2011ರ ಏಪ್ರಿಲ್ 11ರಿಂದ, ಅದೇ ಪ್ಯಾರಿಸ್ಸಿನ ಬೀದಿಯಲ್ಲಿ ನಿಖಾಬ್ ಹಾಕಿದ ಹೆಣ್ಣಿಗೆ 150 ಯೂರೋವರೆಗೆ ದಂಡ. 2016ರಲ್ಲಿ ಇಟಲಿಯ ಡೋಲ್ಚೆ ಗಬ್ಬಾನ ಅರಬ್ ಶ್ರೀಮಂತೆಯರಿಗಾಗಿ ಅಬಾಯಾ ಮಾರತೊಡಗಿತು. 2023ರ ಸೆಪ್ಟೆಂಬರಿನಲ್ಲಿ ಶಾಲೆ ಆರಂಭವಾದ ಮೊದಲ ದಿನವೇ ಫ್ರಾನ್ಸಿನ ಸರಕಾರಿ ಶಾಲೆಗಳ ಬಾಗಿಲಿಂದ ಅಬಾಯಾ ತೆಗೆಯಲು ಒಪ್ಪದ 67 ಹುಡುಗಿಯರನ್ನು ಮನೆಗೆ ಕಳಿಸಲಾಯಿತು. ಗುಚ್ಚಿ 2018ರಲ್ಲಿ ಬಿಳಿಯ ರೂಪದರ್ಶಿಗಳ ತಲೆಗೆ ಪಗಡಿ ಸುತ್ತಿತು, ಮರುವರ್ಷ ಅದೇ ಪಗಡಿ ಅಮೆರಿಕದ ಅಂಗಡಿಯಲ್ಲಿ 790 ಡಾಲರಿಗೆ ಮಾರಾಟಕ್ಕಿತ್ತು. ಅದೇ ಅಮೆರಿಕದ ಆರಿಜೋನಾದಲ್ಲಿ 2001ರ ಸೆಪ್ಟೆಂಬರ್ 15ರಂದು ಬಲ್ಬೀರ್ ಸಿಂಗ್ ಸೋಧಿ ತನ್ನ ಪೆಟ್ರೋಲ್ ಬಂಕಿನ ಮುಂದೆ ಗುಂಡೇಟಿಗೆ ಬಲಿಯಾದುದು ಪಗಡಿ ಗಡ್ಡಗಳಿಂದಾಗಿ. ಕೊಂದವನು ಅವರನ್ನು ಮುಸ್ಲಿಮನೆಂದು ಬಗೆದಿದ್ದ.

ಬಟ್ಟೆ ಯಾರೊಬ್ಬರ ಅಪ್ಪನ ಆಸ್ತಿಯೂ ಅಲ್ಲ ಎಂಬುದು ನಮಗೂ ಗೊತ್ತು. ನಮ್ಮ ಸಲ್ವಾರ್ ಕೂಡ ಎಲ್ಲಿಂದಲೋ ನಡೆದು ಬಂದದ್ದೇ. ಬಿಳಿಯರು ಮದರಂಗಿ ಹಚ್ಚಬಾರದು, ಪಗಡಿ ಮುಟ್ಟಬಾರದು ಎಂದು ನಾವು ಇನ್ನೊಂದು ಬಾಗಿಲಲ್ಲಿ ಇನ್ನೊಂದು ಕನ್ನಡಿ ಹಿಡಿದು ನಿಲ್ಲುವವರಲ್ಲ. ಹಚ್ಚಲಿ, ಸುತ್ತಲಿ. ಆದರೆ ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಡುವ ಮೊದಲು, ಅದನ್ನು ಹುಟ್ಟಿನಿಂದ ತೊಟ್ಟವರ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಬೇಕು.

ಆದ್ದರಿಂದ ಲಂಡನ್ನಿನ ಸಂಗ್ರಹಾಲಯಗಳವರಲ್ಲಿ ನಮ್ಮದೊಂದು ಬೇಡಿಕೆ. ಟೇಟ್ ಮಾಡರ್ನ್‌ನಿಂದ ನದಿ ದಾಟಿ ನಡೆದರೆ ಒಂದು ಗಂಟೆಯೊಳಗೆ ಅಲ್ತಾಬ್ ಅಲಿ ಉದ್ಯಾನ ಸಿಗುತ್ತದೆ. ಅವನು ಬಿದ್ದ ಜಾಗದ ಪಕ್ಕದ ಆ ಹಸಿರಿಗೆ 1998ರಲ್ಲಿ ಅವನ ಹೆಸರಿಟ್ಟರು. ಮುಂದಿನ ಸಲ ಆ ದಶಕದ ಬಟ್ಟೆಗಳ ಪ್ರದರ್ಶನ ಮಾಡುವಾಗ ನೀಲಿ ಮುಖದ ಫೋಟೋದ ಪಕ್ಕದಲ್ಲಿ ಬ್ರಿಕ್ ಲೇನಿನ ಒಂದು ಹೊಲಿಗೆ ಮಿಷನ್ ಇಡಿ. ಪೀಸಿನ ಲೆಕ್ಕ ಬರೆದಿಟ್ಟ ಯಾವುದಾದರೂ ಹೆಂಗಸಿನ ಚೀಟಿ ಉಳಿದಿದ್ದರೆ ಅದನ್ನೂ ಇಡಿ. ಹಾಗೆಯೇ ಬ್ರಾಡ್‌ಫರ್ಡಿನ ಮನೆಯೊಂದರ ಅಟ್ಟ ಹುಡುಕಿ, ಪುಸ್ತಕದ ಅಡಿಯಲ್ಲಿ ಚಮ್ಕಿ ಅಂಗಿ ಅಡಗಿಸಿ ಒಯ್ಯುತ್ತಿದ್ದ ಆ ಶಾಲೆಯ ಚೀಲ. ಅದನ್ನು ಹೊತ್ತಿದ್ದ ಹುಡುಗಿಗೆ ಈಗ ಐವತ್ತು ದಾಟಿದೆ. ಕೇಳಿದರೆ ತಾನೇ ಬಂದು ಕತೆ ಹೇಳಿಯಾಳು.